ರೇಸಿಂಗ್ ಹಾಯಿದೋಣಿಯ ಭಾರದ ಟೇಬಲ್ ಕಿತ್ತು ಹಗುರದ್ದು ಕೂರಿಸೋದು ಹೇಗೆ: ಹಾಸನದ ಶೆಡ್ಡಿಂದ ಪೂರ್ತಿ ವಿವರ

ಹಾಸನದಲ್ಲಿ ಕೂತ್ಕೊಂಡು ದೋಣಿ ಟೇಬಲ್ ಬಗ್ಗೆ ಬರೀತಿದಾನಲ್ಲ ಇವನು ಅಂತ ನಗಬೇಡಿ. ದೋಣಿ ಇರೋದು ಮುಂಬೈಲಿ, ನಮ್ಮ ಭಾವ ಮತ್ತವರ ಸ್ನೇಹಿತರು ಸೇರ್ಕೊಂಡು ತಗೊಂಡಿರೋ 34 ಅಡಿಯ ಹಳೇ ರೇಸಿಂಗ್ ದೋಣಿ, ಶೆಡ್ಡು ಟೂಲ್ಸು ಇರೋದು ನನ್ನ ಹತ್ರ. ಅಲ್ಲಿ ಮಳೆಗಾಲ ಶುರು ಆಯ್ತು ಅಂದ್ರೆ ದೋಣಿಗಳನ್ನ ನೀರಿಂದ ಎತ್ತಿ ದಡದ ಮೇಲೆ ಇಟ್ಬಿಡ್ತಾರೆ, ರಿಪೇರಿ ಮಾಡೋಕೆ ಪುರುಸೊತ್ತು ಸಿಗೋದೇ ಆವಾಗ. ಅಂದ್ರೆ ನಮ್ಮ ಕಡೆ ಸಕಲೇಶಪುರ ಮೂಡಿಗೆರೇಲಿ ಒಗೆದ ಬಟ್ಟೆ ವಾರ ಆದ್ರೂ ಒಣಗದೇ ಇರೋ ಟೈಮಲ್ಲೇ ನಾವು ಎಪಾಕ್ಸಿ (ರೆಸಿನ್ ಅನ್ನೋ ದ್ರವಕ್ಕೆ ಹಾರ್ಡನರ್ ಬೆರೆಸಿ ಗಟ್ಟಿ ಮಾಡೋ ಅಂಟು) ಕಲಸ್ಕೊಂಡು ಕೂರಬೇಕು. ಇದರಲ್ಲಿ ಅರ್ಧ ದೋಣಿ ವಿಷಯ, ಇನ್ನರ್ಧ ಮಲೆನಾಡಿನ ಮಳೆಗಾಲದ ವಿಷಯ.

ಮೊದಲೇ ಒಂದು ಮಾತು ಹೇಳ್ಬಿಡ್ತೀನಿ, ಮುಂದೆ ಏನೇ ಬರೆದ್ರೂ ಇದನ್ನ ಇಟ್ಕೊಂಡೇ ಬರೆದಿರ್ತೀನಿ. ತೂಕ ಇಳಿಸೋದು ಹಲಗೇಲಿ, ಕಾಲಲ್ಲಿ ಅಲ್ಲ. ಅಲೆ ಹೊಡೆದು ದೋಣಿ ವಾಲಿದಾಗ ಒಳಗಿರೋನು ಕೈಗೆ ಸಿಕ್ಕಿದ್ದನ್ನ ಹಿಡ್ಕೋತಾನೆ, ಕ್ಯಾಬಿನ್ ಮಧ್ಯದಲ್ಲಿ ಕೈಗೆ ಸಿಗೋದೇ ಟೇಬಲ್ಲು. ಅದು ಬುಡದಿಂದ ಕಿತ್ಕೊಂಡು ಬಂತು ಅಂದ್ರೆ ಪಕ್ಕೆಲುಬು ಮುರೀತದೆ.

ಕಿತ್ತು ಹಾಕಿ ಸುಮ್ನೆ ಇದ್ರೆ ಆಗಲ್ವಾ?

ಎಲ್ರೂ ಮೊದಲು ಕೇಳೋದು ಇದೇ. ರೇಸಿಗೆ ಟೇಬಲ್ ಯಾಕೆ, ದಡದಲ್ಲಿ ಬಿಟ್ಟು ಹೋದ್ರಾಯ್ತು ಅಂತ. ಆಗಲ್ಲ ಕಣ್ರಿ. ಹಾಯಿದೋಣಿ ಆಟದ ಜಾಗತಿಕ ಸಂಸ್ಥೆ ವರ್ಲ್ಡ್ ಸೇಲಿಂಗ್‌ನವರ ರೇಸಿಂಗ್ ನಿಯಮಗಳಲ್ಲಿ 51ನೇ ನಿಯಮ ಇದೆ, ನೆಲದ ಹಲಗೆ, ಒಳಗಿನ ಅಡ್ಡಗೋಡೆ, ಬಾಗಿಲು, ಮೆಟ್ಟಿಲು, ನೀರಿನ ಟ್ಯಾಂಕು ಇದ್ದಲ್ಲೇ ಇರ್ಬೇಕು, ಕ್ಯಾಬಿನ್ನಿನ ಫಿಕ್ಸ್ಚರ್‌ಗಳೆಲ್ಲ ದೋಣಿ ಮೇಲೇ ಇರ್ಬೇಕು ಅಂತ. ಫಿಕ್ಸ್ಚರ್ ಅಂದ್ರೆ ದೋಣಿಗೆ ಬಿಗಿದಿರೋ ಸಾಮಾನು, ಟೇಬಲ್ಲೂ ಅದೇ. ಹಾಗಾಗಿ ಹಗುರದ್ದು ಮಾಡಿ ಕೂರಿಸ್ಬೇಕು, ಬೇರೆ ದಾರಿ ಇಲ್ಲ.

ಅದಕ್ಕೂ ಮುಂಚೆ ಕ್ಲಾಸ್ ನಿಯಮ ಓದಿ. ಒಂದೇ ಡಿಸೈನಿನ ದೋಣಿಗಳು ರೇಸ್ ಮಾಡೋ ಕ್ಲಾಸಾದ್ರೆ ಕಂಪನಿ ಕೊಟ್ಟ ಟೇಬಲ್ಲೇ ಇರ್ಬೇಕು ಅಂತ ಬರೆದಿರಬಹುದು, ಹಂಗಿದ್ರೆ ಇಲ್ಲಿಗೇ ನಿಲ್ಲಿಸಿ. ಐಆರ್‌ಸಿ, ಓಆರ್‌ಸಿ ತರ ಬೇರೆ ಬೇರೆ ದೋಣಿಗಳು ಸಮನಾಗಿ ಸ್ಪರ್ಧಿಸ್ಲಿ ಅಂತ ಅಳತೆ ಮಾಡಿ ರೇಟಿಂಗ್ ಕೊಡೋ ಪದ್ಧತಿ ಆದ್ರೆ ಮಾಡಬಹುದು, ಆದ್ರೆ ದೋಣಿ ತೂಕ ಸರ್ಟಿಫಿಕೇಟಿನ ಲೆಕ್ಕದಲ್ಲಿ ಇರೋದ್ರಿಂದ ಬದಲಾವಣೆ ತಿಳಿಸ್ಬೇಕು. ತೂಕ ಇಳಿಸಿ ಸುಮ್ನಿದ್ರೆ ಅದು ಮೋಸ, ಪ್ರೊಟೆಸ್ಟ್ (ಎದುರಾಳಿ ದೋಣಿಯವರ ದೂರು) ಬಂದ್ರೆ ಉತ್ತರ ಇರಲ್ಲ.

ಇನ್ನೊಂದು ಸತ್ಯ. 34 ಅಡಿ ದೋಣಿ ಅಂದ್ರೆ ಸುಮಾರು ಐದು ಟನ್ ತೂಗ್ತದೆ ಅನ್ಕೊಳ್ಳಿ, ಅದರಲ್ಲಿ ನೀವು ಉಳಿಸೋದು ಹದಿನೇಳು ಹದಿನೆಂಟು ಕೆಜಿ, ನೂರಕ್ಕೆ ಅರ್ಧದಷ್ಟೂ ಇಲ್ಲ. ಅದೂ ಟೇಬಲ್ ಇರೋದು ದೋಣಿ ನಡುಮಧ್ಯ, ಮೂತೀಲೋ ಬಾಲದಲ್ಲೋ ಅಷ್ಟೇ ತೂಕ ಇಳಿಸಿದ್ರೆ ಅಲೇಲಿ ತೊನೆಯೋದು ಇನ್ನೂ ಕಮ್ಮಿ ಆಗತ್ತೆ. ಅದಕ್ಕೇ ಮೊದಲು ಮುಂದಿನ ಲಾಕರಲ್ಲಿರೋ ಎಕ್ಸ್‌ಟ್ರಾ ಲಂಗರು, ಯಾರೂ ಮುಟ್ಟದ ಹಗ್ಗ, ಹಳೇ ಬಣ್ಣದ ಡಬ್ಬ ಇವನ್ನ ಇಳಿಸಿ, ಆಮೇಲೆ ಟೇಬಲ್ಲಿಗೆ ಬನ್ನಿ. ಟೇಬಲ್ಲಿನ ಇನ್ನೊಂದು ಲಾಭ ಜಾಗ. ಹಾಯಿ ಚೀಲ ಎಳೆದಾಡೋಕೆ ಆ ಹಳೇ ಎರಡು ರೆಕ್ಕೆಯ ತೇಗದ ಪೆಟ್ಟಿಗೆ ಮಹಾ ಅಡ್ಡ.

ಬಿಚ್ಚೋದು, ಅಳತೆ ತಗೊಳ್ಳೋದು

ಬಿಚ್ಚೋಕೆ ಮುಂಚೆ ನಾಲ್ಕೂ ಕಡೆಯಿಂದ ಫೋಟೋ ತೆಗೀರಿ, ಕಾಲಿನ ಬುಡದ್ದು ಹತ್ತಿರದಿಂದ ತೆಗೀರಿ. ನೆಲದ ಹಲಗೆ ಎತ್ತಿ ಕೆಳಗೆ ಟಾರ್ಚ್ ಹಾಕಿ ನೋಡಿ, ಬೋಲ್ಟು ಎಲ್ಲಿಗೆ ಹೋಗಿದೆ, ಬರೀ ಹಲಗೆಗೋ ಅಥವಾ ಕೆಳಗಿರೋ ಫೈಬರ್ ತೊಲೆಗೋ. ಅಲ್ಲೇ ಪಕ್ಕದಲ್ಲಿ ಬೆರಳು ದಪ್ಪದ ದೊಡ್ಡ ನಟ್ಟುಗಳು ಕಂಡ್ರೆ ಅವು ಕೀಲ್ ಬೋಲ್ಟು, ಅಡಿಯಲ್ಲಿರೋ ಸೀಸದ್ದೋ ಕಬ್ಬಿಣದ್ದೋ ರೆಕ್ಕೇನ ಹಿಡ್ಕೊಂಡಿರೋವು, ಅದರ ಸುದ್ದಿಗೆ ಹೋಗಬೇಡಿ.

ಹಳೇ ಅಲ್ಯುಮಿನಿಯಂ ಕಾಲಿಗೆ ಸ್ಟೀಲ್ ಬೋಲ್ಟ್ ಹಾಕಿದ್ರೆ ಉಪ್ಪುನೀರಲ್ಲಿ ಎರಡೂ ಕಚ್ಕೊಂಡಿರ್ತವೆ, ಬಿಳೀ ಪುಡಿ ಕಟ್ಟಿರತ್ತೆ. ಹಿಂದಿನ ದಿನಾನೇ ಪೆನೆಟ್ರೇಟಿಂಗ್ ಆಯಿಲ್ ಹೊಡೆದು ಬಿಡಿ, ಮಾರನೇ ದಿನ ಹೀಟ್ ಗನ್ನಲ್ಲಿ ಅಲ್ಯುಮಿನಿಯಂ ಕಡೆ ಬಿಸಿ ಮಾಡಿ ಹಿಂದೆ ಮುಂದೆ ಸ್ವಲ್ಪ ಸ್ವಲ್ಪ ಆಡಿಸಿ. ಜೋಶಲ್ಲಿ ತಿರುಗಿಸಿದ್ರೆ ತಲೆ ಕಟ್ ಆಗಿ ಕೈಗೆ ಬರ್ತದೆ, ಆಮೇಲೆ ಡ್ರಿಲ್ ಹಾಕೋ ಕೆಲಸ ಒಂದು ದಿನ ತಿನ್ನತ್ತೆ. ಬಿಲ್ಜಲ್ಲಿ (ನೆಲದ ಹಲಗೆ ಕೆಳಗಿನ ದೋಣಿಯ ತಳದಲ್ಲಿ) ಡೀಸೆಲ್ ಅಥವಾ ಗ್ಯಾಸ್ ವಾಸನೆ ಇದ್ರೆ ಹೀಟ್ ಗನ್ ಮುಟ್ಟಲೇಬೇಡಿ.

ಕಿತ್ತ ಮೇಲೆ ತೂಕ ಮಾಡಿ. ಬಿಟ್ಟುಬಿಡಬೇಡಿ, ಎಲ್ಲಾ ಲೆಕ್ಕಾನೂ ಇದರ ಮೇಲೇ ನಿಂತಿರೋದು. ನೇತು ಹಾಕೋ ಡಿಜಿಟಲ್ ತಕ್ಕಡಿ ಸಾಕು, ಹಲಗೆ ಬೇರೆ, ಕಾಲು ಬೇರೆ, ಬೋಲ್ಟು ಬ್ರಾಕೆಟ್ಟು ಬೇರೆ. ನಮ್ಮದು ಎಲ್ಲಾ ಸೇರಿ 25 ಕೆಜಿ ಆಸುಪಾಸು ಬಂತು, ಅದರಲ್ಲಿ ಬಾಟಲ್ ಇಡೋ ನಡುವಿನ ಪೆಟ್ಟಿಗೆದೇ ಒಳ್ಳೇ ಪಾಲು.

ಅಳತೆಗೆ ನಾನು ಹೇಳೋ ಉಪಾಯ ಹಳೇ ಫ್ಲೆಕ್ಸ್ ಬ್ಯಾನರ್. ಎಲೆಕ್ಷನ್ದೋ ಹುಟ್ಟುಹಬ್ಬದ್ದೋ ಯಾವ್ದಾದ್ರೂ ಸರಿ, ಹಿಂದಿನ ಬಿಳಿ ಕಡೆ ಹೊಸ ಟೇಬಲ್ಲಿನ ಆಕಾರ ಮಾರ್ಕರಲ್ಲಿ ಎಳೆದು ಕತ್ತರಿಸಿ, ಸುತ್ಕೊಂಡು ಬಸ್ಸಲ್ಲಿ ತರಬಹುದು. ಫ್ಲೆಕ್ಸ್ ಎಳೆದ್ರೆ ಹಿಗ್ಗತ್ತೆ, ಅದಕ್ಕೇ ಉದ್ದ, ಅಗಲ, ಎರಡೂ ಕರ್ಣ ಅಳೆದು ಅದರ ಮೇಲೇ ಬರೆದಿಡಿ, ಊರಿಗೆ ಬಂದು ಹಾಸಿದಾಗ ಅದೇ ಅಂಕಿ ಬರೋ ತರ ಸರಿಮಾಡಿಕೊಂಡು ಹಾರ್ಡ್‌ಬೋರ್ಡಿಗೆ ಇಳಿಸ್ಕೊಳ್ಳಿ. ಎತ್ತರಕ್ಕೆ ಸೀಟಿನ ದಿಂಬು ಒತ್ತಿ ಕೂತ್ಕೊಂಡು ಅಳೀರಿ, ಒತ್ತಿದ ದಿಂಬಿಂದ ಹಲಗೆ ಮೇಲಕ್ಕೆ 28ರಿಂದ 30 ಸೆಂಟಿಮೀಟರ್ ಇದ್ರೆ ಊಟ ಆರಾಮ. ಹಳೇದರಷ್ಟೇ ದೊಡ್ಡದು ಮಾಡ್ಬೇಕು ಅಂತೇನಿಲ್ಲ, ನಾಲ್ಕು ಜನ ಊಟ ಮಾಡೋಕೆ, ಚಾರ್ಟ್ (ಸಮುದ್ರದ ನಕ್ಷೆ) ಬಿಚ್ಚೋಕೆ 120 ಸೆಂಟಿಮೀಟರ್ ಉದ್ದ 70 ಅಗಲ ಧಾರಾಳ. ಮುಂದಿನ ಲೆಕ್ಕ ಎಲ್ಲ ಇದೇ ಅಳತೆಗೆ, ಅಂದ್ರೆ 0.84 ಚದರ ಮೀಟರ್.

ಯಾವ ಹಲಗೆ?

ನಮ್ಮೂರ ಆಚಾರ್ರನ್ನ ಕೇಳಿದ್ರೆ ಮೊದಲ ಉತ್ತರ "ಡಬ್ಲ್ಯೂಪಿಸಿ ಹಾಕ್ಬಿಡಿ ಸಾರ್, ನೀರಿಗೆ ಏನೂ ಆಗಲ್ಲ." ಅಂದ್ರೆ ಮರದ ಪುಡಿ ಪ್ಲಾಸ್ಟಿಕ್ ಸೇರಿಸಿ ಮಾಡಿದ ಹಲಗೆ. ನೀರಿಗೆ ಏನೂ ಆಗಲ್ಲ ನಿಜ, ಆದ್ರೆ ತೂಕ ಪ್ಲೈವುಡ್ಡಿಗೆ ಹತ್ತತ್ರ, ಮೊಳೆ ಸ್ಕ್ರೂ ಹಿಡಿತ ಪ್ಲೈಗಿಂತ ಕಮ್ಮಿ. ಎರಡನೇ ಉತ್ತರ ಐಎಸ್ 710 ಗುರುತಿನ ಮರೈನ್ ಪ್ಲೈ. ಗಟ್ಟಿ ಮಾಲು, ಆದ್ರೆ ಘನ ಮೀಟರಿಗೆ 700 ಕೆಜಿ ಅಂತ ಹಿಡಿದ್ರೆ 18 ಎಂಎಂ ಹಲಗೆ ನಮ್ಮ ಅಳತೆಗೆ ಹತ್ತೂವರೆ ಕೆಜಿ, ಇನ್ನೂ ಕಾಲು, ಬೀಡಿಂಗ್ ಬೇರೆ. ಒಕುಮೆ ಅನ್ನೋ ಹಗುರ ಮರದ ಮರೈನ್ ಪ್ಲೈ 9 ಎಂಎಂದು ಸಿಕ್ಕಿದ್ರೆ ನಾಲ್ಕು ಕೆಜಿ ಒಳಗೆ ಆಗತ್ತೆ, ಎಪಾಕ್ಸಿ ಕೆಲಸ ಬೇಡ ಅನ್ನೋರು ಅದನ್ನೇ ಮಾಡಿ, ಅಡಿಗೆ ಎರಡು ಪಟ್ಟಿ ಅಂಟಿಸಿ, ಅಂಚು ಕೊರೆ ಎಲ್ಲ ಸೀಲ್ ಮಾಡಿ, ಮುಗೀತು. ಎಸ್ಟೇಟಲ್ಲಿ ಸಿಲ್ವರ್ ಓಕ್ ಬಿದ್ದಿದೆಯಲ್ಲ ಅಂತ ಕೇಳ್ತೀರಿ ಗೊತ್ತು, ಬೇಡ, ಹಸಿ ಇದ್ರೆ ಸೊಟ್ಟ ಆಗತ್ತೆ, ನೀರಿಗೆ ಬಾಳಿಕೆ ಇಲ್ಲ.

ನಾವು ಮಾಡಿದ್ದು ಸ್ಯಾಂಡ್‌ವಿಚ್: ನಡುವೆ ಪಿವಿಸಿ ಫೋಮ್, ಎರಡೂ ಕಡೆ ಗ್ಲಾಸ್ ಫೈಬರ್ ಬಟ್ಟೆ, ಎಪಾಕ್ಸಿ. ಫೋಮ್ 12 ಎಂಎಂ ದಪ್ಪ, ಘನ ಮೀಟರಿಗೆ 80 ಕೆಜಿ ತೂಕದ್ದು ತಗೊಂಡ್ರೆ ನಮ್ಮ ಅಳತೆಗೆ 800 ಗ್ರಾಂ. ಬಟ್ಟೆ ಚದರ ಮೀಟರಿಗೆ 200 ಗ್ರಾಂದು, ಕೆಳಗೆ ಎರಡು ಪದರ, ಮೇಲೆ ಮೂರು, ಯಾಕಂದ್ರೆ ಮೇಲೆ ಮಗ್ ಕುಕ್ಕೋದು ವಿಂಚ್ ಹ್ಯಾಂಡಲ್ (ಹಗ್ಗ ಬಿಗಿಯೋ ರಾಟೆ ತಿರುಗಿಸೋ ಹಿಡಿಕೆ) ಬೀಳಿಸೋದು ಇದ್ದೇ ಇರತ್ತೆ, ಈ ಬಟ್ಟೆ ಎಪಾಕ್ಸಿಯ ಚರ್ಮ ತೆಳು ಆದ್ರೆ ಗುಳಿ ಬೀಳ್ತದೆ. ಬಟ್ಟೆ 850 ಗ್ರಾಂ, ಅಷ್ಟೇ ಎಪಾಕ್ಸಿ, ಫೋಮ್ ಅಂಟೋಕೆ ಇನ್ನೊಂದು 400 ಗ್ರಾಂ, ಎಲ್ಲಾ ಸೇರಿ ಮೂರು ಕೆಜಿ. ಥರ್ಮಾಕೋಲ್ ಹಾಕಬೇಡಿ, ಮೆತ್ತಗೆ, ಪಾಲಿಯೆಸ್ಟರ್ ರೆಸಿನ್ ತಾಗಿದ್ರಂತೂ ಕರಗೇ ಹೋಗತ್ತೆ.

ಕಾರ್ಬನ್ ಹಾಕಿದ್ರೆ? ಈ ಸೈಜಿಗೆ ಅರ್ಧ ಕೆಜಿ ಉಳಿದ್ರೆ ಹೆಚ್ಚು, ದುಡ್ಡು ಎಷ್ಟೋ ಪಟ್ಟು. ಅದೂ ಅಲ್ದೆ ಕಾರ್ಬನ್ನು ಅಲ್ಯುಮಿನಿಯಂ ಎರಡೂ ತಾಗಿದ ಕಡೆ ಉಪ್ಪುನೀರಲ್ಲಿ ಅಲ್ಯುಮಿನಿಯಂ ತಿಂದು ಹೋಗತ್ತೆ. ಬೇಡ ಬಿಡಿ.

ಮಳೆಗಾಲದಲ್ಲಿ ಎಪಾಕ್ಸಿ

ಇದನ್ನ ಸ್ವಲ್ಪ ನಿಧಾನಕ್ಕೆ ಓದಿ. ಎಪಾಕ್ಸಿಗೆ ಚಳಿ ಆಗಲ್ಲ, ತೇವ ಆಗಲ್ಲ. ತಂಪಾದ್ರೆ ಜೇನುತುಪ್ಪದ ತರ ಗಟ್ಟಿಯಾಗಿ ಬಟ್ಟೆ ಒಳಗೆ ಇಳಿಯಲ್ಲ, ತೇವ ಇದ್ರೆ ಹಾರ್ಡನರ್ ಗಾಳೀಲಿರೋ ನೀರು ಮತ್ತೆ ಕಾರ್ಬನ್ ಡೈಆಕ್ಸೈಡ್ ಜೊತೆ ಸೇರಿ ಮೇಲೆ ಎಣ್ಣೆ ಪಸೆ ತರ ಜಿಡ್ಡು ಬಿಡತ್ತೆ, ಆ ಜಿಡ್ಡಿನ ಮೇಲೆ ಮುಂದಿನ ಪದರ ಅಂಟಲ್ಲ, ಪೇಂಟೂ ಹಿಡಿಯಲ್ಲ. ನಮ್ಮ ಕಡೆ ರೂಮು ಬೆಚ್ಚಗೆ ಮಾಡೋಕೆ ಅಗ್ಗಿಷ್ಟಿಕೆ ಇಡೋದು ರೂಢಿ, ಇಲ್ಲಿ ಅದನ್ನ ಮಾತ್ರ ಇಡಬೇಡಿ, ಕೆಂಡ ಗ್ಯಾಸು ಸೀಮೆಎಣ್ಣೆ ಯಾವ್ದು ಉರಿಸಿದ್ರೂ ಅದೇ ಕಾರ್ಬನ್ ಡೈಆಕ್ಸೈಡು ಜಾಸ್ತಿ ಆಗತ್ತೆ, ಗ್ಯಾಸು ಸೀಮೆಎಣ್ಣೆ ಆದ್ರೆ ಹಬೇನೂ ಸೇರತ್ತೆ. ಕರೆಂಟಿನ ಆಯಿಲ್ ಹೀಟರ್ ಇಡಿ, ಕೆಲಸದ ಹಿಂದಿನ ರಾತ್ರಿಯಿಂದಲೇ ಹಾಕಿಡಿ. ಫೋಮು ಬಟ್ಟೆ ಅದೇ ರೂಮಲ್ಲಿ ಮಲಗಿರಲಿ, ರೆಸಿನ್ ಡಬ್ಬ ಮುಚ್ಚಳ ಬಿಗಿ ಮಾಡಿ ಬಿಸಿನೀರ ಬಕೆಟ್ಟಲ್ಲಿ ಸ್ವಲ್ಪ ಹೊತ್ತು ಕೂರಿಸಿ. ರೂಮಿನ ಉಷ್ಣತೆ 25 ಡಿಗ್ರಿ ಹತ್ರ ನಿಂತ್ರೆ ಸಾಕು.

ಆದ್ರೂ ಮೇಲೆ ಜಿಡ್ಡು ಬಂತಾ, ತಲೆ ಕೆಡಿಸ್ಕೋಬೇಡಿ. ಉಗುರುಬೆಚ್ಚಗಿನ ನೀರಲ್ಲಿ ಸ್ಕಾಚ್ ಬ್ರೈಟ್ ಹಾಕಿ ಉಜ್ಜಿ ತೊಳೆದು ಒಣಗಿಸಿ, ಆಮೇಲೆ ಎಮರಿ ಹಾಕಿ. ತೊಳೀದೆ ಎಮರಿ ಉಜ್ಜಿದ್ರೆ ಜಿಡ್ಡನ್ನ ಒಳಗೇ ತಿಕ್ಕಿದ ಹಾಗಾಗತ್ತೆ.

ಅಳತೆ ಡಬ್ಬದ ಮೇಲೆ ಬರೆದಿರೋದೇ ವೇದವಾಕ್ಯ. ತೂಕದ ಅನುಪಾತ ಬೇರೆ, ಅಳತೆ ಲೋಟದ ಅನುಪಾತ ಬೇರೆ, ಎರಡನ್ನ ಬೆರೆಸಬೇಡಿ. ಅಡುಗೆಮನೆ ಡಿಜಿಟಲ್ ತಕ್ಕಡೀಲಿ ತೂಗಿ ಕಲಸಿ. ಬೇಗ ಗಟ್ಟಿಯಾಗ್ಲಿ ಅಂತ ಹಾರ್ಡನರ್ ಒಂಚೂರು ಜಾಸ್ತಿ ಹಾಕೋ ಚಾಳಿ ಪಾಲಿಯೆಸ್ಟರ್ ಮಾಡಿದೋರಿಗೆ ಇರತ್ತೆ, ಎಪಾಕ್ಸೀಲಿ ಹಾಗೆ ಮಾಡಿದ್ರೆ ಯಾವತ್ತೂ ಪೂರ್ತಿ ಗಟ್ಟಿ ಆಗಲ್ಲ. ಒಂದೇ ಸಲ ಮಗ್ಗಲ್ಲಿ ಒಂದು ಕೆಜಿ ಕಲಸಬೇಡಿ, ತನ್ನ ಬಿಸಿಗೆ ತಾನೇ ಹೊಗೆ ಬಿಡತ್ತೆ, 200 ಗ್ರಾಂ ಕಲಸಿ ಅಗಲದ ಟ್ರೇಗೆ ಸುರ್ಕೊಳ್ಳಿ. ನೈಟ್ರೈಲ್ ಗ್ಲೌಸ್ ಕಡ್ಡಾಯ, ಒಂದ್ಸಲ ಅಲರ್ಜಿ ಹತ್ತಿದ್ರೆ ಜೀವನಪೂರ್ತಿ ಬಿಡಲ್ಲ. ಚರ್ಮಕ್ಕೆ ತಾಗಿದ್ರೆ ಸೋಪು ನೀರು, ಥಿನ್ನರಲ್ಲಿ ಒರೆಸಬೇಡಿ.

ಹಲಗೆ ಮಾಡೋದು

ಮಟ್ಟಸವಾದ ಫ್ಲಶ್ ಡೋರ್ ಒಂದನ್ನ ಮೇಜಿನ ಮೇಲೆ ಮಲಗಿಸಿ, ಅದರ ಮೇಲೆ ನುಣುಪು ಸನ್‌ಮೈಕಾ ಅಂಟಿಸಿ, ವ್ಯಾಕ್ಸ್ ನಾಲ್ಕೈದು ಕೋಟ್ ಹಚ್ಚಿ ಹೊಳಪು ಬರೋವರೆಗೆ ಉಜ್ಜಿ. ಟೇಬಲ್ಲಿನ ಮೇಲ್ಮೈ ಈ ಕಡೆಗೇ ಬರೋದ್ರಿಂದ ಇಲ್ಲಿ ಎಷ್ಟು ನುಣುಪೋ ಟೇಬಲ್ಲೂ ಅಷ್ಟೇ ನುಣುಪು.

ಫೋಮನ್ನ ಆಕಾರಕ್ಕೆ ಕತ್ತರಿಸಿ, ಮೂಲೆಗಳನ್ನ ಊಟದ ತಟ್ಟೆ ಇಟ್ಟು ದುಂಡಗೆ ಮಾಡಿ. ಈಗ ಅಸಲಿ ವಿಷಯ: ಕಾಲಿನ ಪ್ಲೇಟು ಬರೋ ಜಾಗದಲ್ಲಿ ಫೋಮ್ ಕಿತ್ತು ಅಲ್ಲಿ 12 ಎಂಎಂ ಮರೈನ್ ಪ್ಲೈ ತುಂಡು ಕೂರಿಸಬೇಕು, ಪ್ಲೇಟಿಗಿಂತ ಸುತ್ತಲೂ 3 ಸೆಂಟಿಮೀಟರ್ ದೊಡ್ಡದು. ಬರೀ ಫೋಮ್ ಮೇಲೆ ಬೋಲ್ಟ್ ಬಿಗಿದ್ರೆ ವಾಷರ್ ಒಳಗೆ ಹೂತುಹೋಗತ್ತೆ, ಆಮೇಲೆ ಲೂಸು, ಆಮೇಲೆ ನೀರು. ಅಂಚಿನ ಸುತ್ತ 1 ಸೆಂಟಿಮೀಟರ್ ಆಳಕ್ಕೆ ಫೋಮ್ ಕೆರೆದು ತೆಗೆದು ಫಿಲ್ಲರ್ ಹಾಕಿದ ದಪ್ಪ ಎಪಾಕ್ಸಿ ತುಂಬೋ ಕೆಲಸ ಕೊನೇಗೆ, ಎರಡೂ ಚರ್ಮ ಆದ ಮೇಲೆ.

ವ್ಯಾಕ್ಸ್ ಮೇಲೆ ರೆಸಿನ್ ಬಳೀರಿ, ಬಟ್ಟೆ ಹಾಸಿ, ರಬ್ಬರ್ ಪಟ್ಟೀಲಿ ಎಳೀರಿ. ಬಟ್ಟೆ ಗಾಜಿನ ತರ ಪಾರದರ್ಶಕ ಆಗಬೇಕು, ಬೆಳ್ಳಗೆ ಕಂಡ ಕಡೆ ರೆಸಿನ್ ಕಮ್ಮಿ, ತೇಲಾಡಿದ ಕಡೆ ಜಾಸ್ತಿ. ಜಾಸ್ತಿ ರೆಸಿನ್ ಅಂದ್ರೆ ಗಟ್ಟಿ ಅಲ್ಲ, ಬರೀ ತೂಕ. ಮೂರು ಪದರದಲ್ಲಿ ಒಂದನ್ನ ಓರೆಯಾಗಿ, 45 ಡಿಗ್ರಿಗೆ ಹಾಸಿ. ಫೋಮಿನ ಅಂಟೋ ಮುಖಕ್ಕೆ ದಪ್ಪ ಎಪಾಕ್ಸಿಯನ್ನ ಪುಟ್ಟಿ ಬ್ಲೇಡಲ್ಲಿ ಎಳೆದು ಸಣ್ಣ ತೂತು ಮುಚ್ಚಿ ಮಗುಚಿ ಕೂರಿಸಿ.

ಒತ್ತೋಕೆ ಎರಡು ದಾರಿ. ಎಸಿ ಮೆಕ್ಯಾನಿಕ್ ಯಾರಾದ್ರೂ ಪರಿಚಯ ಇದ್ರೆ ಅವರ ಹತ್ರ ವ್ಯಾಕ್ಯೂಮ್ ಪಂಪ್ ಇದ್ದೇ ಇರತ್ತೆ, ಒಂದಿನಕ್ಕೆ ಕೇಳ್ಕೊಳ್ಳಿ, ಮೇಲೆ ಪೀಲ್ ಪ್ಲೈ (ಎಪಾಕ್ಸಿ ಗಟ್ಟಿಯಾದ ಮೇಲೆ ಸುಲಿದು ತೆಗೆಯೋ ಬಟ್ಟೆ), ತೂತಿನ ಪ್ಲಾಸ್ಟಿಕ್, ಹೀರೋ ಬಟ್ಟೆ, ಆಮೇಲೆ ದಪ್ಪ ಪಾಲಿಥೀನ್ ಹಾಕಿ ಸುತ್ತ ಸೀಲ್ ಮಾಡಿ ಗಾಳಿ ಎಳೀರಿ. ರೆಸಿನ್ ಪಂಪಿಗೆ ಹೋಗದ ಹಾಗೆ ನಡುವೆ ಒಂದು ಡಬ್ಬ ಇಡಿ, ಇಲ್ಲಾಂದ್ರೆ ಅವರ ಪಂಪು ಹಾಳು ಸ್ನೇಹಾನೂ ಹಾಳು. ಪಂಪ್ ಸಿಗಲಿಲ್ವಾ, ಪಾಲಿಥೀನ್ ಹಾಸಿ ಅದರ ಮೇಲೆ ಇನ್ನೊಂದು ಮಟ್ಟಸದ ಹಲಗೆ ಇಟ್ಟು ಮೇಲೆ 50 ಕೆಜಿಯ ಕಾಫಿ ಮೂಟೆ ನಾಲ್ಕು ಪೇರಿಸಿ. ವ್ಯಾಕ್ಯೂಮಿನಷ್ಟು ಒತ್ತಡ ಬರಲ್ಲ, ಆದ್ರೆ ಫೋಮ್ ಅಂಟೋಕೆ ಸಾಲತ್ತೆ. ಒಂದೇ ಷರತ್ತು, ಮೂಟೆಗೆ ಎಪಾಕ್ಸಿ ತಾಗಬಾರ್ದು, ಎಸ್ಟೇಟ್ ರೈಟರ್ ಸುಮ್ನಿರಲ್ಲ.

ಮಾರನೇ ದಿನ ಹಲಗೆಯನ್ನ ಅಚ್ಚಿಂದ ಎಬ್ಬಿಸದೆ, ಅಲ್ಲೇ ಇಟ್ಟು ಈಗ ಮೇಲೆ ಕಾಣೋ ಮುಖಕ್ಕೆ, ಅಂದ್ರೆ ಟೇಬಲ್ಲಿನ ಅಡಿಭಾಗಕ್ಕೆ, ಎರಡು ಪದರ ಹಾಕಿ ಪೀಲ್ ಪ್ಲೈ ಮುಚ್ಚಿ. ಒಂದೇ ಕಡೆ ಚರ್ಮ ಇದ್ದಾಗ ಎಬ್ಬಿಸಿದ್ರೆ ಹಲಗೆ ಬಾಗೋ ಸಾಧ್ಯತೆ ಇದೆ.

ಕಾಲು

ಇಲ್ಲಿ ಕಂಜೂಸ್ತನ ಬೇಡ ಅಂತ ಮೊದಲೇ ಹೇಳಿದೀನಿ, ಲೆಕ್ಕ ನೋಡಿ. 80 ಕೆಜಿಯ ಆಳು ಪಕ್ಕದಿಂದ ಟೇಬಲ್ ಮೇಲೆ ಬಿದ್ದ, ಟೇಬಲ್ ಎತ್ತರ 70 ಸೆಂಟಿಮೀಟರ್. ಬುಡದ ಪ್ಲೇಟಲ್ಲಿ ಬೋಲ್ಟುಗಳ ನಡುವೆ 20 ಸೆಂಟಿಮೀಟರ್ ಇದ್ರೆ ಒಂದು ಕಡೆಯ ಬೋಲ್ಟುಗಳನ್ನ ಮೇಲಕ್ಕೆ ಕೀಳೋ ಬಲ 280 ಕೆಜಿಯಷ್ಟು, 10 ಸೆಂಟಿಮೀಟರೇ ಇದ್ರೆ 560. ಬಿದ್ದಾಗಿನ ಜರ್ಕ್ ಸೇರಿದ್ರೆ ಇದರ ಎರಡರಷ್ಟು ಅಂತ ಇಟ್ಕೊಳ್ಳಿ. ಹಾಗಾಗಿ ಬುಡ ಅಗಲ ಇರ್ಬೇಕು, 8 ಎಂಎಂ ಬೋಲ್ಟ್ ಆರಪಾರ ಹೋಗಬೇಕು, ಕೆಳಗೆ ದಪ್ಪ ಪ್ಲೇಟ್ ಇರ್ಬೇಕು, ಅದು ಬರೀ ನೆಲದ ಹಲಗೆಗಲ್ಲ, ಕೆಳಗಿನ ತೊಲೆಗೆ ಸೇರಬೇಕು. ಮರದ ಸ್ಕ್ರೂ ಹಾಕಿ ಕೈತೊಳ್ಕೊಳ್ಳೋರು ದಯವಿಟ್ಟು ನನ್ನನ್ನ ರೇಸಿಗೆ ಕರೀಬೇಡಿ.

ಪೈಪು 60 ಎಂಎಂ ಅಗಲ 2 ಎಂಎಂ ದಪ್ಪದ ಅಲ್ಯುಮಿನಿಯಂ, ಮೀಟರಿಗೆ ಒಂದು ಕೆಜಿ. ಅದೇ ಅಳತೆ ಸ್ಟೇನ್‌ಲೆಸ್ ಆದ್ರೆ ಮೂರು ಕೆಜಿ ಹತ್ರ. 70 ಸೆಂಟಿಮೀಟರಿನ ಎರಡು ಕಾಲಿಗೆ ಒಂದೂಕಾಲು, ಒಂದೂವರೆ ಕೆಜಿ. ಗೇಟು ಗ್ರಿಲ್ ಮಾಡೋ ವೆಲ್ಡಿಂಗ್ ಶಾಪಲ್ಲಿ ಇದು ಆಗಲ್ಲ, ಆರ್ಗಾನ್ ಇರೋ ಟಿಗ್ ವೆಲ್ಡರ್ ಹುಡುಕಿ. ಸ್ಟೇನ್‌ಲೆಸ್ ಬೋಲ್ಟ್ ಹಾಕೋ ಕಡೆ ನೈಲಾನ್ ಬುಷ್, ನೈಲಾನ್ ವಾಷರ್ ಹಾಕಿ, ಥ್ರೆಡ್ಡಿಗೆ ಮರೈನ್ ಗ್ರೀಸ್ ಹಚ್ಚಿ, ಮುಂದಿನೋರು ಬಿಚ್ಚುವಾಗ ನಿಮಗೆ ಶಾಪ ಹಾಕದೇ ಇರ್ಲಿ. ಮಾಸ್ಟ್ (ಹಾಯಿ ಕಟ್ಟೋ ಕಂಬ) ಕ್ಯಾಬಿನ್ ಒಳಗೆ ಇಳಿದು ಕೀಲ್ ಮೇಲೆ ನಿಂತಿರೋ ದೋಣಿ ಆದ್ರೆ ಟೇಬಲ್ಲನ್ನ ಮಾಸ್ಟಿಗೆ ಬಿಗೀಬೇಡಿ, ಮಾಸ್ಟ್ ಅಲುಗಾಡತ್ತೆ, ಅದಕ್ಕೆ ತೂತು ಹಾಕೋದಂತೂ ಬೇಡವೇ ಬೇಡ.

ಶೆಡ್ಡಲ್ಲೇ ಕಾಂಕ್ರೀಟ್ ನೆಲಕ್ಕೆ ಬೋಲ್ಟ್ ಮಾಡಿ ಇಬ್ಬರು ದಪ್ಪ ಆಳುಗಳನ್ನ ಒಂದೇ ಪಕ್ಕದಿಂದ ಜೋರಾಗಿ ಒರಗೋಕೆ ಹೇಳಿ. ಕಿರ್ ಅಂದ್ರೆ, ಬಿರುಕು ಸದ್ದು ಬಂದ್ರೆ, ಗೊತ್ತಾಗ್ಲಿ ಇಲ್ಲೇ.

ಫಿನಿಶಿಂಗ್

ಚೆನ್ನಾಗಿ ಕಾಣ್ಲಿ ಅಂತ ಸನ್‌ಮೈಕಾ ಅಂಟಿಸೋ ಆಸೆ ಆಗತ್ತೆ. 1 ಎಂಎಂ ಸನ್‌ಮೈಕಾ ಚದರ ಮೀಟರಿಗೆ 1.4 ಕೆಜಿ, ಎರಡೂ ಕಡೆ ಹಾಕಿದ್ರೆ ಅಂಟು ಬಿಟ್ಟು ಎರಡು ಕೆಜಿ ದಾಟ್ತದೆ, ಪಟ್ಟ ಪಾಡೆಲ್ಲ ನೀರಪಾಲು. ಟು ಪ್ಯಾಕ್ ಪಿಯು ಪೇಂಟ್ ಎರಡು ಕೋಟ್ ಸಾಕು. ಅಂಚಿಗೆ ತಟ್ಟೆ ಜಾರದ ಹಾಗೆ ಪಟ್ಟಿ ಬೇಕಲ್ಲ, ಹಳೇ ಟೇಬಲ್ಲಿನ ತೇಗದ ಪಟ್ಟೀನೇ 12 ಎಂಎಂಗೆ ಸೀಳಿಸಿ ಹಾಕಿ, ಮೂಲೇಲಿ ಬೆರಳಗಲ ಬಿಡಿ, ಅನ್ನದಗುಳು ಒರೆಸಿ ತೆಗೆಯೋಕೆ.

ದೋಣೀಲಿ ಕೂರಿಸೋದು

ರಸಮಟ್ಟ ಮನೇಲೇ ಬಿಟ್ಟು ಹೋಗಿ. ನೀರಲ್ಲಿರೋ ದೋಣಿ ಅಲುಗಾಡತ್ತೆ, ದಡದ ಮೇಲೆ ಆನಿಕೆ ಕೊಟ್ಟು ನಿಲ್ಲಿಸಿರೋ ದೋಣೀನೂ ಮಟ್ಟಸ ಇರಲ್ಲ. ಅಡ್ಡಗೋಡೆಯಿಂದ, ಎರಡೂ ಕಡೆ ಸೀಟಿನ ಅಂಚಿಂದ ಟೇಪಲ್ಲಿ ಅಳೆದು ಸಮ ಮಾಡ್ಕೊಳ್ಳಿ. ಮೊದಲು ಸೀಲೆಂಟ್ ಇಲ್ಲದೆ ಕೂರಿಸಿ ನೋಡಿ, ಸೀಟಲ್ಲಿ ಕೂತು ಮಂಡಿ ತಾಗತ್ತಾ ನೋಡಿ, ದೊಡ್ಡ ಹಾಯಿ ಚೀಲ ಒಂದನ್ನ ಪಕ್ಕದಲ್ಲಿ ಎಳೆದು ನೋಡಿ. ಹಲಗೇಲಿ ಹಾಕೋ ಪ್ರತಿ ತೂತಿನ ಒಳಗೋಡೆಗೂ ಎಪಾಕ್ಸಿ ಬಳೀರಿ. ಹಳೇ ಬೋಲ್ಟಿನ ತೂತು ಉಳಿದಿದ್ರೆ ಮುಚ್ಚಿ.

ನಮ್ಮದು ಹಲಗೆ, ಪಟ್ಟಿ, ಪೇಂಟು, ಕಾಲು, ಬೋಲ್ಟು ಎಲ್ಲಾ ಸೇರಿ ಎಂಟು ಕೆಜಿ ಒಳಗೇ ಬಂತು. ಅದೇ ತಕ್ಕಡೀಲಿ ತೂಗಿದ ಫೋಟೋ, ಹಳೇದರ ತೂಕದ ಫೋಟೋ ಎರಡನ್ನೂ ಸೇರಿಸಿ ರೇಟಿಂಗ್ ಆಫೀಸಿಗೆ ಕಳ್ಸಿ, ಅವರು ಮತ್ತೆ ತೂಕ ಮಾಡ್ಬೇಕು ಅಂದ್ರೆ ಮಾಡಿಸಿ. ಅಕ್ಟೋಬರಲ್ಲಿ ದೋಣಿ ನೀರಿಗಿಳಿದು ಒಳ್ಳೇ ಗಾಳೀಲಿ ಒಂದು ಸುತ್ತು ಹೊಡೆದ ಮೇಲೆ ಬುಡದ ಬೋಲ್ಟುಗಳನ್ನ ಇನ್ನೊಮ್ಮೆ ಸ್ಪ್ಯಾನರ್ ಹಾಕಿ ನೋಡಿ, ಪ್ಲೇಟಿನ ಸುತ್ತ ಕೂದಲೆಳೆ ಬಿರುಕು ಇದೆಯಾ ಅಂತ ಉಗುರಾಡಿಸಿ ನೋಡಿ. ಹಳೇ ಟೇಬಲ್ಲಿನ ಉಳಿದ ಭಾಗ, ಬ್ರಾಕೆಟ್ಟು, ಬೋಲ್ಟು ಮಾರಬೇಡಿ, ಚೀಟಿ ಅಂಟಿಸಿ ಅಟ್ಟದ ಮೇಲೆ ಇಡಿ. ನಾಳೆ ದೋಣಿ ಕೊಳ್ಳೋಕೆ ಬರೋನು ಮನೆಮಂದಿ ಜೊತೆ ಓಡಾಡೋಕೆ ಅಂತ ಬಂದ್ರೆ ಅವನಿಗೆ ಆ ತೇಗದ ಟೇಬಲ್ಲೇ ಬೇಕು.